ಗಿರಿರಾಜ ಮರಿಗಳಲ್ಲಿ ಗಂಟಲಚೀಲ ಮತ್ತು ಜೀರ್ಣಾಂಗದ ತೊಂದರೆ: ಅರಕಲಗೂಡು ಸೀಮೆಯ ಒಂದು ಪ್ರಕರಣ

ಹಿನ್ನೆಲೆ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಷಾಢದ ಗಾಳಿಮಳೆ ಬಿಡದೆ ಹಿಡಿದಿದ್ದ ದಿನಗಳಲ್ಲಿ, ಸುಮಾರು ನೂರು ಗಿರಿರಾಜ ಮರಿಗಳ ಗುಂಪೊಂದರಲ್ಲಿ ಕಾಣಿಸಿಕೊಂಡ ತೊಂದರೆಯನ್ನು ಇಲ್ಲಿ ದಾಖಲಿಸಲಾಗಿದೆ. ಮನೆಯಾಕೆ ಸ್ತ್ರೀಶಕ್ತಿ ಸಂಘದಿಂದ ಸಾಲ ಪಡೆದು ಒಂದು ದಿನದ ಮರಿಗಳನ್ನು ತಂದಿದ್ದರು. ಗಿರಿರಾಜ ತಳಿಯನ್ನು ಬೆಂಗಳೂರಿನ ಹೆಬ್ಬಾಳದ ಕುಕ್ಕುಟ ವಿಜ್ಞಾನ ವಿಭಾಗದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ್ದರಿಂದ, ಅದು ನಾಟಿ ಕೋಳಿಯಷ್ಟೇ ಗಟ್ಟಿ, ಅದಕ್ಕೆ ಹೆಚ್ಚಿನ ಆರೈಕೆ ಬೇಕಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ. ಬೆಳೆದ ಕೋಳಿಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ತಾಯಿಯ ರೆಕ್ಕೆಯಡಿಯಲ್ಲಿ ಇಲ್ಲದ, ಯಂತ್ರದಲ್ಲಿ ಮರಿಯಾಗಿ ಬಂದ ಯಾವುದೇ ತಳಿಯ ಮರಿ ಮೊದಲ ಎರಡು ವಾರ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು; ಆ ವಿಷಯದಲ್ಲಿ ಗಿರಿರಾಜಕ್ಕೂ ಬ್ರಾಯ್ಲರಿಗೂ ವ್ಯತ್ಯಾಸವಿಲ್ಲ.

ಮರಿಗಳಿಗೆ 11 ದಿನ ತುಂಬಿದಾಗ ಪಶುವೈದ್ಯನಾದ ನನಗೆ ಕರೆ ಬಂತು. ಮೊದಲ ವಾರ ಒಂದೆರಡು ಮರಿಗಳು ಮಾತ್ರ ಸತ್ತಿದ್ದವು. ಎಂಟನೆಯ ದಿನದಿಂದ ಪ್ರತಿ ಬೆಳಿಗ್ಗೆ ಎರಡೋ ಮೂರೋ ಮರಿಗಳು ಮೂಲೆಯಲ್ಲಿ ಸತ್ತು ಬಿದ್ದಿರುತ್ತಿದ್ದವು. ಉಳಿದವುಗಳಲ್ಲಿ ಹಲವಕ್ಕೆ ಕತ್ತಿನ ಬುಡದಲ್ಲಿ, ತಿಂದದ್ದು ಮೊದಲು ಸೇರುವ ಗಂಟಲಚೀಲದ ಜಾಗದಲ್ಲಿ, ಗಂಟಿನಂತೆ ಉಬ್ಬು, ಕೆಲವಕ್ಕೆ ಗುದದ್ವಾರದ ಸುತ್ತ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಮನೆಯಾಕೆಯ ಮುಖ್ಯ ದೂರು ಇಷ್ಟು: "ಬೆಳಿಗ್ಗೆ ಎದ್ದು ಮುಟ್ಟಿದ್ರೂ ಚೀಲ ಹಂಗೇ ತುಂಬಿರುತ್ತೆ ಡಾಕ್ಟ್ರೇ, ಖಾಲಿಯಾಗೋದೇ ಇಲ್ಲ." ಆಕೆಯ ಅತ್ತೆಯ ಅನುಮಾನ ಬೇರೆಯೇ ಇತ್ತು. ಏಳನೆಯ ದಿನ ಮರಿಗಳ ಕಣ್ಣಿಗೆ ಕೊಕ್ಕರೆ ರೋಗ ತಡೆಯುವ ಲಸೋಟಾ ಲಸಿಕೆಯ ಹನಿ ಹಾಕಿಸಿದ್ದರು. "ಆ ಹನಿ ಬಿಟ್ಟ ಮೇಲೇ ಇವು ಕೆಟ್ಟಿದ್ದು ಸ್ವಾಮಿ" ಎಂಬುದು ಅವರ ಮಾತು. ಔಷಧಿ ಅಂಗಡಿಯವರ ಪ್ರಕಾರ ಇದು ಸೋಂಕು, ಆದ್ದರಿಂದ ಅವರು ನೀರಿಗೆ ಬೆರೆಸುವ ಪುಡಿಯನ್ನು ಕೊಟ್ಟಿದ್ದರು. ಹೀಗೆ ಒಂದೇ ತೊಂದರೆಗೆ ಮೂರು ಕಾರಣಗಳು ನಾನು ಹೋಗುವ ಮುನ್ನವೇ ಸಿದ್ಧವಾಗಿದ್ದವು.

ಒಲೆಯ ಪಕ್ಕದ ಪೆಟ್ಟಿಗೆ

ಮರಿಗಳನ್ನು ಇಟ್ಟಿದ್ದು ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ. ತಗಡಿನ ಸುತ್ತುಬೇಲಿ, ನೆಲಕ್ಕೆ ಭತ್ತದ ಹೊಟ್ಟಿನ ಹಾಸು, ನಡುವೆ ಬೋರಲು ಹಾಕಿ ತೂಗಿಬಿಟ್ಟ ಬಿದಿರಿನ ಮಂಕರಿ, ಅದರೊಳಗೆ ಎರಡು ಬಲ್ಬು. ಗಾಳಿ ಬೀಸುವ ಕಡೆ ಗೋಣಿಚೀಲ ಕಟ್ಟಿದ್ದರು, ಹಾಸಿನ ಒಂದು ಭಾಗದ ಮೇಲೂ ಗೋಣಿ ಹಾಸಿದ್ದರು. ಹೊರನೋಟಕ್ಕೆ ಯಾವ ಲೋಪವೂ ಇಲ್ಲದ ವ್ಯವಸ್ಥೆ. ಆದರೂ ಮರಿಗಳು ಬೆಳಕಿನ ಕೆಳಗೆ ಹರಡಿಕೊಳ್ಳದೆ, ಗೋಣಿಯ ಬದಿಯ ಮೂಲೆಯಲ್ಲಿ ಒಂದರ ಮೇಲೊಂದು ಏರಿ ಗುಂಪುಗೂಡಿ, ರೆಕ್ಕೆ ಜೋಲಿಸಿ ಕಣ್ಣು ಮುಚ್ಚಿಕೊಂಡು ಕೂತಿದ್ದವು.

ಕಾಯಿಲೆ ಬಿದ್ದವೆಂದು ಬೇರ್ಪಡಿಸಿದ ಮೂವತ್ತರಷ್ಟು ಮರಿಗಳನ್ನು ಮನೆಯವರು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಅಡುಗೆಮನೆಯ ಒಲೆಯ ಪಕ್ಕ ಇಟ್ಟಿದ್ದರು. ಬೆಳಿಗ್ಗೆ ಚೀಲ ಖಾಲಿ ಇರಬೇಕು, ಇಲ್ಲದಿದ್ದರೆ ಕಾಯಿಲೆ ಎಂದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋ ಹೇಳಿತ್ತಂತೆ. ಆ ಪ್ರಕಾರ ಚೀಲ ತುಂಬಿದವನ್ನೆಲ್ಲ ಹೆಕ್ಕಿ, ರಾತ್ರಿಯಿಂದ ಆಹಾರ ಕೊಡದೆ, ನೀರು ಮಾತ್ರ ಇಟ್ಟಿದ್ದರು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಂಡದ್ದು ವಿಚಿತ್ರವಾಗಿತ್ತು. ಕಾಯಿಲೆಯವು ಎನಿಸಿಕೊಂಡ ಈ ಮರಿಗಳಲ್ಲಿ ಮುಕ್ಕಾಲು ಪಾಲು ಚೀಲ ಖಾಲಿ ಮಾಡಿಕೊಂಡು, ಹಸಿವಿನಿಂದ ಕೀಚಲು ದನಿಯಲ್ಲಿ ಕೂಗುತ್ತ ಕತ್ತು ಎತ್ತಿ ನಿಂತಿದ್ದವು. ಆರೋಗ್ಯವಾಗಿವೆ ಎಂದು ಕೊಟ್ಟಿಗೆಯಲ್ಲೇ ಬಿಟ್ಟವು ಮುದುಡಿ ಕೂತಿದ್ದವು.

ಬೆಳಿಗ್ಗೆ ಚೀಲ ಬರಿದಾಗಿರಬೇಕು ಎಂಬ ನಿಯಮ ಕತ್ತಲಲ್ಲಿ ನಿದ್ದೆ ಮಾಡುವ ಬೆಳೆದ ಕೋಳಿಗೆ ಸರಿಯೇ ಹೊರತು ರಾತ್ರಿಯಿಡೀ ದೀಪದಡಿ ಇರುವ ಎಳೆಯ ಮರಿಗೆ ಅಲ್ಲ. ಅದು ಬೆಳಕಿರುವವರೆಗೂ ತಿನ್ನುತ್ತದೆ. ಬೆಳಗಿನ ಜಾವದಲ್ಲಿ ಅದರ ಚೀಲ ತುಂಬಿರುವುದು ಲಕ್ಷಣವಾಗಿ ಬೆಳೆಯುತ್ತಿರುವುದಕ್ಕೆ ಸಾಕ್ಷಿ. ಮರಿ ತಂದ ಮೊದಲ ದಿನ ದೊಡ್ಡ ಫಾರಂಗಳಲ್ಲಿ ಮಾಡುವ ಪರೀಕ್ಷೆಯೂ ಇದನ್ನೇ ನೋಡುತ್ತದೆ: ಆಹಾರ ಇಟ್ಟ 2 ಗಂಟೆಗೆ ನೂರಕ್ಕೆ 75 ಮರಿಗಳ ಚೀಲವಾದರೂ ತುಂಬಿರಬೇಕು, 24 ಗಂಟೆಗೆ 95ಕ್ಕಿಂತ ಹೆಚ್ಚು. ಆದ್ದರಿಂದ ಎಳೆಯ ಮರಿಯ ಚೀಲ ತುಂಬಿದೆಯೇ ಎಂದು ಕೇಳಿದರೆ ಸಾಲದು. ಬೆಚ್ಚಗಿನ ಜಾಗದಲ್ಲಿ ಮೂರು-ನಾಲ್ಕು ಗಂಟೆ ಆಹಾರ ತಪ್ಪಿಸಿ ನೀರು ಮಾತ್ರ ಇಟ್ಟಾಗ ಅದು ಇಳಿಯುತ್ತದೆಯೇ ಎಂದು ನೋಡಬೇಕು. ಈ ಮನೆಯವರು ಗೊತ್ತಿಲ್ಲದೆಯೇ ಆ ಪರೀಕ್ಷೆಯನ್ನು ಮಾಡಿ ಮುಗಿಸಿದ್ದರು, ಉತ್ತರ ಪೆಟ್ಟಿಗೆಯೊಳಗೆ ಸಿದ್ಧವಾಗಿತ್ತು: ಬಿಸಿ ಸಿಕ್ಕಿದ ಕೂಡಲೇ ಚೀಲ ಇಳಿದಿತ್ತು.

ಕೊಟ್ಟಿಗೆಗೆ ಮರಳಿ ಮಂಕರಿಯ ಕೆಳಗೆ ಕೈ ಇಟ್ಟು ನೋಡಿದೆ. ಕಣ್ಣು ಕುಕ್ಕುವಷ್ಟು ಬೆಳಕು, ಅಂಗೈಗೆ ಮಾತ್ರ ಏನೂ ತಾಗಲಿಲ್ಲ. ಎರಡೂ ಎಲ್‌ಇಡಿ ಬಲ್ಬುಗಳು. ಮೊದಲು ಹಾಕಿದ್ದವು 100 ವ್ಯಾಟಿನ ಹಳೆಯ ತಂತಿ ಬಲ್ಬುಗಳೇ. ಆರನೆಯ ದಿನ ಒಂದು, ಮರುದಿನ ಇನ್ನೊಂದು ಸುಟ್ಟುಹೋಗಿ, ಊರಿನ ಅಂಗಡಿಯಲ್ಲಿ ಆ ಬಗೆಯ ಬಲ್ಬು ಸಿಗದೆ, ಬೆಳಕು ಅದಕ್ಕಿಂತ ಚೆನ್ನಾಗಿದೆ, ಕರೆಂಟೂ ಉಳಿಯುತ್ತದೆ ಎಂದು 9 ವ್ಯಾಟಿನ ಎಲ್‌ಇಡಿ ಹಾಕಿದ್ದರು. ಬೆಳಕಿನ ಮಟ್ಟಿಗೆ ಅದು ಸಾಕಾಗುವ ಬದಲಿ. ಆದರೆ ಬ್ರೂಡರಿನಲ್ಲಿ, ಅಂದರೆ ಮರಿಗಳನ್ನು ಬೆಚ್ಚಗಿಡುವ ಇಂಥ ಗೂಡಿನಲ್ಲಿ, ಬಲ್ಬಿನ ಕೆಲಸ ಬೆಳಕಿಗಿಂತ ಹೆಚ್ಚಾಗಿ ಕಾವು ಕೊಡುವುದು. ಮರಿಯೊಂದಕ್ಕೆ 1ರಿಂದ 2 ವ್ಯಾಟ್ ಎಂಬ ರೂಢಿಯ ಲೆಕ್ಕ ತಂತಿ ಬಲ್ಬಿನ ಕಾವನ್ನು ನೆಚ್ಚಿ ಹುಟ್ಟಿದ್ದು. ಮರಿಯ ಬೆನ್ನಿನ ಎತ್ತರಕ್ಕೆ ಹಿಡಿದ ಥರ್ಮಾಮೀಟರ್ 26 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರುವುದು ಕ್ರಮವಾದ್ದರಿಂದ, ಈ ಮರಿಗಳಿಗೆ ಆಗ 32 ಡಿಗ್ರಿಯ ಆಸುಪಾಸು ಬೇಕಿತ್ತು. ಗುಂಪಿನಿಂದ ಎತ್ತಿಕೊಂಡ ಮರಿಯ ಪಾದವನ್ನು ನನ್ನ ಕೆನ್ನೆಗೆ ತಾಗಿಸಿದರೆ ಅದು ತಣ್ಣಗಿತ್ತು. ಒಲೆಯ ಪಕ್ಕದ ಮರಿಗಳ ಪಾದ ಬೆಚ್ಚಗಿತ್ತು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಈ ಪರೀಕ್ಷೆಯೊಂದೇ ಸಾಕು.

ಚೀಲಗಳನ್ನು ವಿಂಗಡಿಸಿದ್ದು

ಗಂಟಲಚೀಲ ಕತ್ತಿನ ಬುಡದಲ್ಲಿ, ಎದೆಯ ಮುಂಭಾಗಕ್ಕೆ ತುಸು ಬಲಕ್ಕೆ ಇರುತ್ತದೆ. ತಿಂದದ್ದು ಅಲ್ಲಿ ನೆನೆದು ಮೆತ್ತಗಾಗಿ, ಸ್ವಲ್ಪ ಸ್ವಲ್ಪವಾಗಿ ಜಠರಕ್ಕೂ ಅಲ್ಲಿಂದ ಅರೆಯುವ ಕೆಲಸದ ಗಿಜರ್ಡಿಗೂ ಇಳಿಯುತ್ತದೆ. ಚೀಲಕ್ಕೆ ಸ್ವತಃ ಜೀರ್ಣರಸವಿಲ್ಲ. ಅದು ಉಗ್ರಾಣ ಮಾತ್ರ. ಮುಂದಿನ ದಾರಿ ನಿಧಾನವಾದರೆ ಉಗ್ರಾಣ ತುಂಬಿಕೊಳ್ಳುತ್ತದೆ, ಆದ್ದರಿಂದ ಚೀಲ ಉಬ್ಬಿದ್ದು ಕಂಡಾಗ ತೊಂದರೆ ಚೀಲದಲ್ಲೇ ಇದೆ ಎಂದು ತಿಳಿಯುವುದು ಹೆಚ್ಚಿನ ಸಲ ತಪ್ಪುದಾರಿ ಹಿಡಿಸುತ್ತದೆ. ಮೈ ತಣ್ಣಗಾದ ಮರಿಯಲ್ಲಿ ಕರುಳಿನ ಚಲನೆಯೇ ಕುಗ್ಗುತ್ತದೆ. ಅದು ನೀರಿನ ಬಟ್ಟಲಿನವರೆಗೂ ನಡೆಯದು, ಒಣ ಆಹಾರ ಚೀಲದಲ್ಲೇ ಕೂರುತ್ತದೆ, ಹಿಕ್ಕೆ ಅಂಟಂಟಾಗಿ ಗುದದ್ವಾರಕ್ಕೆ ಮೆತ್ತುತ್ತದೆ.

ಪ್ರತಿ ಮರಿಯನ್ನೂ ಕೈಗೆತ್ತಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಚೀಲವನ್ನು ಹಗುರವಾಗಿ ಒತ್ತಿ ವಿಂಗಡಿಸಿದೆವು. ಹೆಚ್ಚಿನವುಗಳ ಚೀಲ ದುಂಡಗೆ, ಒತ್ತಿದರೆ ಗಂಜಿಯಂತೆ ಮೆತ್ತಗೆ ಇತ್ತು. ಇವಕ್ಕೆ ಯಾವ ಚಿಕಿತ್ಸೆಯೂ ಬೇಡ, ಬಿಸಿ ಮಾತ್ರ ಸಾಕು. ಸುಮಾರು ಹದಿನೈದು ಮರಿಗಳ ಚೀಲ ಗಟ್ಟಿಯಾಗಿತ್ತು, ಬೆರಳಿಗೆ ನುಚ್ಚಿನ ಕಾಳುಗಳು ಬಿಡಿಬಿಡಿಯಾಗಿ ಸಿಗುತ್ತಿದ್ದವು. ಏಳೆಂಟು ಮರಿಗಳದ್ದು ನೀರು ತುಂಬಿದ ಬಲೂನಿನಂತೆ ಜೋಲುತ್ತಿತ್ತು, ಬಾಯಿಯ ಬಳಿ ಮೂಗು ತಂದರೆ ಹುಳಿ ವಾಸನೆ. ಒಂದು ಮರಿಯದ್ದು ಮಾತ್ರ ಬೇರೆ: ಚೀಲದೊಳಗೆ ಒತ್ತಿದರೂ ಆಕಾರ ಬದಲಿಸದ ಒಂದು ಉಂಡೆ.

ಗಟ್ಟಿ ಚೀಲಗಳ ಕಾರಣ ಆಹಾರದಲ್ಲಿತ್ತು. ಮಳೆಯಿಂದ ಸರಬರಾಜು ತಪ್ಪಿ, ಎಳೆಯ ಮರಿಗಳ ಸಿದ್ಧ ಆಹಾರವಾದ ಚಿಕ್ ಸ್ಟಾರ್ಟರ್ ಮುಗಿದದ್ದರಿಂದ, ಎಂಟನೆಯ ದಿನದಿಂದ ದೊಡ್ಡ ಕೋಳಿಗಳಿಗೆಂದು ಒಡೆಸಿಟ್ಟ ಮೆಕ್ಕೆಜೋಳದ ನುಚ್ಚನ್ನೂ ಉಳಿದ ಅನ್ನವನ್ನೂ ಹಾಕುತ್ತಿದ್ದರು. ಸ್ಟಾರ್ಟರ್ ತಿನ್ನುವ ಮರಿಗೆ ಮರಳಿನ ಅಗತ್ಯವಿಲ್ಲ, ಅದು ನೆನೆದರೆ ಪುಡಿಯಾಗುತ್ತದೆ. ಒರಟು ನುಚ್ಚು ತಿಂದರೆ ಅದನ್ನು ಅರೆಯಲು ಗಿಜರ್ಡಿನಲ್ಲಿ ಸಣ್ಣ ಮರಳಿನ ಕಣಗಳು ಬೇಕು. ತಗಡಿನ ಬೇಲಿಯೊಳಗಿನ ಮರಿಗೆ ಅವು ಸಿಗುವುದು ಎಲ್ಲಿಂದ? ಒಂದು ವಿಷಯದಲ್ಲಿ ಈ ಮನೆಯವರು ಜಾಣತನ ತೋರಿದ್ದರು: ಸ್ಟಾರ್ಟರ್ ಸಿಗದಾಗ ಅಂಗಡಿಯವರು ಮೊಟ್ಟೆ ಕೋಳಿಯ ಲೇಯರ್ ಆಹಾರವನ್ನು ಒಪ್ಪಿಸಲು ನೋಡಿದರೂ ತರಲಿಲ್ಲ. ಲೇಯರ್ ಆಹಾರದಲ್ಲಿ ಮರಿಗೆ ಬೇಕಾದದ್ದಕ್ಕಿಂತ ಮೂರು-ನಾಲ್ಕು ಪಟ್ಟು ಸುಣ್ಣದಂಶ ಇರುತ್ತದೆ, ಅದು ಎಳೆಯ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ನುಚ್ಚಿನ ತೊಂದರೆ ಅದಕ್ಕಿಂತ ಎಷ್ಟೋ ವಾಸಿ.

ಹುಳಿ ಚೀಲಗಳ ಕಾರಣ ನೀರಿನ ಬುರುಡೆಯಲ್ಲಿತ್ತು. ಮರಿ ತಂದ ದಿನ, ಪ್ರಯಾಣದ ಸುಸ್ತು ಕಳೆಯಲು ಬೆಲ್ಲದ ನೀರು ಕೊಡುವುದು ನಮ್ಮಲ್ಲಿ ರೂಢಿ, ಅದು ಒಳ್ಳೆಯ ರೂಢಿಯೇ. ಆದರೆ ಅದರ ಕೆಲಸ ಮೊದಲ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಇಲ್ಲಿ ಹನ್ನೊಂದನೆಯ ದಿನಕ್ಕೂ ಬೆಲ್ಲದ ನೀರು ಮುಂದುವರಿದಿತ್ತು, ಮರಿ ಸೊರಗಿದಷ್ಟೂ ಬೆಲ್ಲ ಹೆಚ್ಚಿತ್ತು. ಅದೇ ನೀರಿಗೆ ಅಂಗಡಿಯ ಪುಡಿಯನ್ನೂ ಬೆರೆಸಿದ್ದರು. ಬುರುಡೆಯ ಅಂಚಿನ ಒಳಮೈಯಲ್ಲಿ ಬೆರಳಾಡಿಸಿದಾಗ ಲೋಳೆ ಕೈಗೆ ಬಂತು. ಪುಡಿಯ ಪೊಟ್ಟಣ ತರಿಸಿ ನೋಡಿದರೆ ಅದು ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್. ಕೊಲಿಸ್ಟಿನ್ ಇರಬಹುದೆಂಬ ಅಳುಕು ನನಗಿತ್ತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾದ ಆ ಔಷಧವನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಇದು ಅದಲ್ಲದಿದ್ದರೂ ಇಲ್ಲಿ ಮಾಡಿದ ಹಾನಿ ಕಡಿಮೆಯದಲ್ಲ. ಚೀಲದಲ್ಲಿ ಸಹಜವಾಗಿ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಅಲ್ಲಿನ ಹದವನ್ನು ಕಾಯುತ್ತದೆ, ಕ್ಯಾಂಡಿಡಾ ಎಂಬ ಯೀಸ್ಟನ್ನು ಮಿತಿಯಲ್ಲಿ ಇಡುತ್ತದೆ. ಆ್ಯಂಟಿಬಯೋಟಿಕ್ ಆ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ಮೇಲಿಂದ ಬೆಲ್ಲದ ಸಕ್ಕರೆ, ಕೆಳಗಡೆ ಚಲಿಸದ ಕರುಳು. ಯೀಸ್ಟ್ ಬೆಳೆಯಲು ಇನ್ನೇನೂ ಬೇಕಿರಲಿಲ್ಲ.

ಶವಪರೀಕ್ಷೆ

ಆ ಬೆಳಿಗ್ಗೆ ಸತ್ತ ಎರಡು ಮರಿಗಳನ್ನು ಅಲ್ಲಿಯೇ ತೆರೆದು ನೋಡಲಾಯಿತು. ಎರಡರಲ್ಲೂ ಹೊಕ್ಕುಳು ಸರಿಯಾಗಿ ಮುಚ್ಚಿತ್ತು, ಹುಟ್ಟುವಾಗ ಹೊಟ್ಟೆಯಲ್ಲಿ ಉಳಿದಿರುವ ಹಳದಿ ಲೋಳೆಯ ಚೀಲ ಪೂರ್ತಿ ಇಂಗಿತ್ತು. ಇದು ಮುಖ್ಯವಾದ ಸಂಗತಿ. ಮೊಟ್ಟೆಯಿಂದ ಬಂದ ಹಳದಿ ನಾಲ್ಕೈದು ದಿನಗಳಲ್ಲಿ ಕರಗಬೇಕು. ಮೊದಲ ದಿನಗಳಲ್ಲೇ ಮರಿ ಚಳಿಗೆ ಸಿಕ್ಕಿದ್ದರೆ ಅಥವಾ ಹೊಕ್ಕುಳಿನ ಸೋಂಕು ಇದ್ದರೆ ಅದು ಹಾಗೇ ಉಳಿದು ಕೊಳೆಯುತ್ತದೆ. ಅದು ಇಂಗಿದೆಯೆಂದರೆ ಮರಿ ಬರುವಾಗ ಚೆನ್ನಾಗಿತ್ತು, ಮೊದಲ ವಾರದ ಕಾವೂ ಚೆನ್ನಾಗಿತ್ತು, ತೊಂದರೆ ಆಮೇಲೆ ಶುರುವಾಯಿತು ಎಂದರ್ಥ. ಬಲ್ಬು ಬದಲಾಯಿಸಿದ ದಿನಕ್ಕೂ ಇದಕ್ಕೂ ತಾಳೆಯಾಗುತ್ತಿತ್ತು.

ಒಂದು ಮರಿಯ ಚೀಲದ ತುಂಬ ಒಣ ನುಚ್ಚು, ಮೂತ್ರಪಿಂಡ ಬಿಳಿಚಿಕೊಂಡು ಅದರಲ್ಲಿ ಸುಣ್ಣ ಬಳಿದಂತೆ ಯೂರೇಟ್ ಎಂಬ ಮೂತ್ರದ ಲವಣದ ಗೆರೆಗಳು. ನೀರು ಕುಡಿಯದೆ ಒಣಗಿದ ಮರಿಯ ಲಕ್ಷಣವಿದು. ಇನ್ನೊಂದರ ಚೀಲದಿಂದ ಹುಳಿನಾತದ ನೀರು ಸುರಿಯಿತು. ಒಳಪದರವನ್ನು ತೊಳೆದು ಬಿಡಿಸಿದಾಗ ಅಲ್ಲಲ್ಲಿ ಮೊಸರು ಚೆಲ್ಲಿದಂತಹ ಬಿಳಿ ಪಟ್ಟೆಗಳು, ಉಗುರಿನಿಂದ ಕೆರೆದರೆ ಏಳುತ್ತಿದ್ದವು. ಇದು ಕ್ಯಾಂಡಿಡಾದ ಗುರುತು. ಎರಡರ ಕುರುಡುಕರುಳಿನಲ್ಲೂ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಕವಲೊಡೆದ ಚೀಲದಂತಹ ಭಾಗ) ರಕ್ತವಿರಲಿಲ್ಲ.

ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ತೆಗೆದುಹಾಕಬೇಕಿತ್ತು. ರಕ್ತಭೇದಿ ಸಾಮಾನ್ಯವಾಗಿ ಮೂರನೆಯ ವಾರದಿಂದಾಚೆಗೆ ಕಾಣುವ ರೋಗ, ಕುರುಡುಕರುಳೂ ಸ್ವಚ್ಛವಾಗಿತ್ತು. ಮನೆಯಾಕೆ ಹಾಸಿನ ಮೇಲೆ ತೋರಿಸಿದ ಕಂದು ಬಣ್ಣದ, ಅಂಟಾದ, ನಾರುವ ಹಿಕ್ಕೆಯನ್ನು ಭೇದಿಯೆಂದು ಅಂಗಡಿಯವರಿಗೂ ವಿವರಿಸಿದ್ದರಂತೆ. ಅದು ಕುರುಡುಕರುಳು ಆಗಾಗ ಹೊರಹಾಕುವ ಸಹಜ ಹಿಕ್ಕೆ, ಪ್ರತಿ ಆರೋಗ್ಯವಂತ ಕೋಳಿಯೂ ದಿನಕ್ಕೆ ಕೆಲವು ಸಲ ಹಾಗೆ ಹಾಕುತ್ತದೆ. ಕೊಕ್ಕರೆ ರೋಗವಾಗಿದ್ದರೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಾಣಬೇಕಿತ್ತು, ಒಂದೂ ಇರಲಿಲ್ಲ. ಲಸಿಕೆಯಿಂದ ಒಂದೆರಡು ದಿನ ತುಸು ಸೀನು, ಮಂಕು ಬರಬಹುದೇ ಹೊರತು ಚೀಲ ನಿಲ್ಲುವುದಿಲ್ಲ. ಹಾಗೆಂದು ಅತ್ತೆಯವರಿಗೆ ಹೇಳಿದಾಗ ಅವರು ಒಪ್ಪಿದಂತೆ ಕಾಣಲಿಲ್ಲ.

ಪೂರ್ತಿ ತಳ್ಳಿಹಾಕಲಾಗದೆ ಉಳಿದದ್ದು ಸಾಲ್ಮೊನೆಲ್ಲಾದಿಂದ ಬರುವ ಬಿಳಿ ಭೇದಿ. ಅದು ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಬರುತ್ತದೆ, ಸಾವು ಎರಡನೆಯ-ಮೂರನೆಯ ವಾರದಲ್ಲಿ ಏರುತ್ತದೆ, ಗುದದ್ವಾರಕ್ಕೆ ಬಿಳಿ ಹಿಕ್ಕೆ ಅಂಟುವುದು ಅದರದ್ದೂ ಲಕ್ಷಣವೇ. ಯಕೃತ್ತಿನಲ್ಲಿ ಬಿಳಿ ಚುಕ್ಕೆಗಳಿರಲಿಲ್ಲವಾದರೂ ಕಣ್ಣಳತೆಯನ್ನೇ ನೆಚ್ಚುವಂತಿಲ್ಲವಾದ್ದರಿಂದ, ಯಕೃತ್ತಿನ ಮಾದರಿಯನ್ನು ಐಸಿನಲ್ಲಿಟ್ಟು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸಿದೆವು. ವರದಿ ಬರುವವರೆಗೆ ಕಾಯುವಂತಿರಲಿಲ್ಲ.

ಕಾರಣ ನಿರ್ಣಯ

ಬಲ್ಬು, ನುಚ್ಚು, ಪುಡಿ ಮೂರೂ ಎರಡು-ಮೂರು ದಿನಗಳ ಅಂತರದಲ್ಲಿ ಬದಲಾಗಿದ್ದರಿಂದ ಯಾವುದು ಮೂಲ ಎಂದು ಹೇಳುವುದು ಸುಲಭವಿರಲಿಲ್ಲ. ಇದನ್ನು ಬಿಡಿಸಿದ್ದು ಅದೇ ಅಂಗಳದಲ್ಲಿ ಓಡಾಡುತ್ತಿದ್ದ ಒಂದು ನಾಟಿ ಹೇಂಟೆ. ಹೆಚ್ಚುಕಡಿಮೆ ಅದೇ ವಯಸ್ಸಿನ ತನ್ನ ಮರಿಗಳನ್ನು ಕಟ್ಟಿಕೊಂಡು ಅದು ಅದೇ ನುಚ್ಚನ್ನು, ಅದೇ ಅನ್ನವನ್ನು ಕೆದಕಿ ತಿನ್ನಿಸುತ್ತಿತ್ತು, ಮಳೆ ಜೋರಾದಾಗ ಜಗುಲಿಯ ಕೆಳಗೆ ರೆಕ್ಕೆ ಹರಡಿ ಕೂರುತ್ತಿತ್ತು. ಅವುಗಳಲ್ಲಿ ಒಂದಕ್ಕೂ ಚೀಲದ ತೊಂದರೆಯಿರಲಿಲ್ಲ. ಅಂಗಳದ ಮರಳು ಅವಕ್ಕೆ ಸಿಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿ ನುಚ್ಚು ನಿರ್ದೋಷಿಯೆಂದು ನಾನು ಹೇಳಲಾರೆ. ಆದರೆ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ ಮರಳೂ ಇರಲಿಲ್ಲ, ಔಷಧವೂ ಬದಲಾಗಿರಲಿಲ್ಲ, ಆದರೂ ಚೀಲ ಇಳಿದಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಚಳಿ ಮೊದಲ ಕಾರಣ, ಒರಟು ನುಚ್ಚು ಅದನ್ನು ಹೆಚ್ಚಿಸಿದ್ದು, ಬೆಲ್ಲ ಮತ್ತು ಪುಡಿ ಮನೆಯವರ ಕಾಳಜಿಯಿಂದಲೇ ಹುಟ್ಟಿದ ಎರಡನೆಯ ಕಾಯಿಲೆ ಎಂದು ನಿರ್ಧರಿಸಿದೆ. ಚೀಲದ ತೊಂದರೆಯೆಂದು ನನ್ನ ಬಳಿ ಬರುವ ಎಳೆಯ ಮರಿಗಳಲ್ಲಿ ಈ ಕ್ರಮ ಅಪರೂಪವಲ್ಲ. ಔಷಧಿಯ ಡಬ್ಬಿ ತೆರೆಯುವ ಮೊದಲು ಬ್ರೂಡರಿನೊಳಗೆ ಕೈಯಿಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಚಿಕಿತ್ಸೆ

ಮೊದಲ ಕೆಲಸ ಕಾವು. ಹಾಸನದಿಂದ ಇನ್‌ಫ್ರಾರೆಡ್ ಬಲ್ಬು ತರಿಸುವವರೆಗೆ ಬುಖಾರಿ ಎಂಬ ಇದ್ದಿಲಿನ ಒಲೆಯನ್ನು ಹಚ್ಚಿ, ಮರಿಗಳು ತಾಗದಂತೆ ಸುತ್ತ ತಗಡು ಕಟ್ಟಿ ಇಡಲಾಯಿತು. ಇದ್ದಿಲಿನ ಹೊಗೆ ಕಾಣದಿದ್ದರೂ ಅದರ ವಿಷಾನಿಲ ಮರಿಯನ್ನೂ ಕಾಯುವವರನ್ನೂ ಕೊಲ್ಲಬಲ್ಲದು, ಆದ್ದರಿಂದ ಮಾಡಿನ ಬಳಿಯ ಕಿಂಡಿಯನ್ನು ತೆರೆದು, ಮರಿಗಳ ಮಟ್ಟದ ಗಾಳಿಯನ್ನು ಮಾತ್ರ ತಡೆದೆವು. ಬಿಸಿ ಏರಿ, ಮರಿಗಳು ಮೂಲೆ ಬಿಟ್ಟು ಹರಡಿಕೊಳ್ಳುವವರೆಗೆ ಯಾವ ಮರಿಗೂ ಆಹಾರವನ್ನಾಗಲಿ ಔಷಧವನ್ನಾಗಲಿ ಬಾಯಿಗೆ ಹಾಕಬಾರದೆಂದು ಹೇಳಿದೆ. ತಣ್ಣಗಿರುವ ಮರಿಗೆ ತಿನ್ನಿಸಿದ್ದು ಚೀಲದಲ್ಲಿ ಕೊಳೆಯುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ.

ಗಟ್ಟಿ ಚೀಲದ ಮರಿಗಳಿಗೆ ಉಗುರುಬೆಚ್ಚಗಿನ ನೀರನ್ನು ಕೊಕ್ಕಿನ ಪಕ್ಕಕ್ಕೆ ಹನಿಹನಿಯಾಗಿ ತಾಗಿಸಿ, ಅದು ತಾನಾಗಿ ನುಂಗಿದ ಮೇಲೆ, ಚೀಲವನ್ನು ಬೆರಳ ತುದಿಯಿಂದ ಹಿಟ್ಟು ಬಿಡಿಸುವಂತೆ ಮೆಲ್ಲಗೆ ಸಡಿಲಿಸಲಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಮಾಡಿಸಿದೆ. ಸಂಜೆಯ ಹೊತ್ತಿಗೆ ಹೆಚ್ಚಿನವು ಇಳಿದಿದ್ದವು. ಮರಿಯನ್ನು ತಲೆಕೆಳಗಾಗಿ ಹಿಡಿದು ಚೀಲ ಹಿಂಡಿ ವಾಂತಿ ಮಾಡಿಸುವ ಉಪಾಯವನ್ನು ಪಕ್ಕದ ಮನೆಯವರು ಆಗಲೇ ಒಂದೆರಡು ಮರಿಗಳ ಮೇಲೆ ಪ್ರಯೋಗಿಸಿದ್ದರು. ಆ ನೀರು ಶ್ವಾಸನಾಳಕ್ಕೆ ಹೋದರೆ ಮರಿ ಅಲ್ಲೇ ಮುಗಿಯುತ್ತದೆ, ಎಳೆಯ ಮರಿಯಲ್ಲಿ ಅದನ್ನು ಮಾಡಲೇಬಾರದು. ಎಣ್ಣೆ ಕುಡಿಸುವುದೂ ಅದೇ ಅಪಾಯದ್ದು.

ಹುಳಿ ಚೀಲದವನ್ನು ಒಲೆಯ ಪಕ್ಕದ ಪೆಟ್ಟಿಗೆಯಲ್ಲೇ ಇಟ್ಟು, ಕೆಲವು ಗಂಟೆ ಆಹಾರ ತಪ್ಪಿಸಿ, ಕಾಯಿಸಿ ಆರಿಸಿದ ಬರಿಯ ನೀರು ಕೊಡಲಾಯಿತು. ಬೆಲ್ಲವನ್ನೂ ಪುಡಿಯನ್ನೂ ಪೂರ್ತಿ ನಿಲ್ಲಿಸಿ, ಬುರುಡೆಗಳನ್ನು ತಿಕ್ಕಿ ತೊಳೆದು ಬಿಸಿಲಿಲ್ಲದ್ದರಿಂದ ಕುದಿನೀರಲ್ಲಿ ಅದ್ದಿಸಿದೆವು. ಈ ಮರಿಗಳಿಗೆ ಮಾತ್ರ ನಿಸ್ಟಾಟಿನ್ ಎಂಬ ಯೀಸ್ಟ್ ನಿವಾರಕವನ್ನು ತೂಕ ನೋಡಿ ಲೆಕ್ಕ ಹಾಕಿ ಕೊಟ್ಟೆ. ಮನೆಯ ಯಜಮಾನರು ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿದ್ದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ನೀರಿಗೆ ಹಾಕಬಹುದೇ ಎಂದು ಕೇಳಿದರು. ಈ ಪ್ರಶ್ನೆಗೆ ಆಧಾರವಿಲ್ಲದೆ ಇಲ್ಲ. 2,000 ಭಾಗ ನೀರಿಗೆ 1 ಭಾಗ, ಅಂದರೆ ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ ಮೈಲುತುತ್ತವನ್ನು ಈ ಕಾಯಿಲೆಗೆ ಬಳಸುವ ಹಳೆಯ ಕ್ರಮವೊಂದು ಕುಕ್ಕುಟ ವೈದ್ಯದಲ್ಲಿದೆ. ಆದರೆ ತೋಟದ ಮನೆಯ ಅಳತೆ ಚಿಟಿಕೆಯದ್ದು, ಅರ್ಧ ಗ್ರಾಮಿನದ್ದಲ್ಲ. ಅಳತೆ ತಪ್ಪಿದ ತಾಮ್ರ ಗಿಜರ್ಡಿನ ಒಳಪದರವನ್ನೇ ಸುಡುತ್ತದೆ. ಬೇಡವೆಂದೆ.

ಗುದದ್ವಾರಕ್ಕೆ ಮೆತ್ತಿದ ಹಿಕ್ಕೆಯನ್ನು ಮನೆಯಾಕೆ ಒಣಗಿದ ಹಾಗೇ ಕಿತ್ತು ತೆಗೆಯುತ್ತಿದ್ದರು, ಅದರೊಂದಿಗೆ ನವಿರು ಗರಿಯೂ ಚರ್ಮವೂ ಏಳುತ್ತಿತ್ತು. ಬಟ್ಟಲಲ್ಲಿ ಬೆಚ್ಚಗಿನ ನೀರು ಹಿಡಿದು, ಮರಿಯ ಹಿಂಭಾಗವನ್ನಷ್ಟೇ ಅದ್ದಿ ನೆನೆಯಲು ಬಿಟ್ಟು, ಹತ್ತಿಯಿಂದ ಒರೆಸಿ, ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ, ತುಸು ಕೊಬ್ಬರಿ ಎಣ್ಣೆ ಸವರಿ ತೋರಿಸಿದೆ. ಒದ್ದೆಯಾಗಿಯೇ ಗುಂಪಿಗೆ ಬಿಟ್ಟರೆ ಚಳಿ ಮತ್ತೆ ಹಿಡಿಯುತ್ತದೆ, ಆದ್ದರಿಂದ ಒಣಗಿಸುವುದೇ ಈ ಕೆಲಸದ ಮುಖ್ಯ ಭಾಗ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕಾಯಿತು: ಎಳೆಯ ಮರಿಯಲ್ಲಿ ಗುದದ್ವಾರಕ್ಕಿಂತ ಸ್ವಲ್ಪ ಕೆಳಗೆ, ಹೊಟ್ಟೆಯ ಕಡೆಗೆ, ಒಣಗಿದ ಸಣ್ಣ ಹೊಕ್ಕುಳಿನ ಹಕ್ಕಳೆ ಇರಬಹುದು. ಅದನ್ನು ಹಿಕ್ಕೆಯೆಂದು ಭಾವಿಸಿ ಎಳೆದವರು ಕರುಳನ್ನೇ ಎಳೆದದ್ದುಂಟು.

ಆಹಾರದ ವಿಷಯದಲ್ಲಿ, ಪಕ್ಕದೂರಿನ ಸಾಕಣೆದಾರರೊಬ್ಬರಿಂದ ಅರ್ಧ ಮೂಟೆ ಸ್ಟಾರ್ಟರ್ ಕಡ ತಂದು ಕೊಡಲಾಯಿತು. ಅದು ಸಿಗದಿದ್ದರೆ ನುಚ್ಚನ್ನು ಜರಡಿ ಹಿಡಿದು ಸಣ್ಣ ರವೆಯ ಹದಕ್ಕೆ ತಂದು, ತೊಳೆದ ಸಣ್ಣ ಮರಳನ್ನು ಚಿಟಿಕೆಯಷ್ಟು ಉದುರಿಸಬಹುದೆಂದೂ, ಹಸಿದ ಮರಿಗಳ ಮುಂದೆ ಮರಳಿನ ತಟ್ಟೆಯನ್ನೇ ಇಡಬಾರದೆಂದೂ ತಿಳಿಸಿದೆ. ಹಸಿದ ಮರಿ ಮರಳನ್ನೇ ಹೊಟ್ಟೆ ತುಂಬ ತಿಂದು ಗಿಜರ್ಡ್ ಕಟ್ಟಿಕೊಳ್ಳುತ್ತದೆ. ನೀರಿನ ಬುರುಡೆಗಳನ್ನು ಕಾವಿನ ವೃತ್ತದ ಅಂಚಿಗೆ ತಂದು, ಮರಿ ಬಿಸಿಯಿಂದ ದೂರ ಹೋಗದೆ ಕುಡಿಯುವಂತೆ ಇಡಿಸಿದೆ.

ಚೀಲದಲ್ಲಿ ಉಂಡೆಯಿದ್ದ ಮರಿಗೆ ಯಾವುದೂ ನಾಟಲಿಲ್ಲ. ದೊಡ್ಡ ಕೋಳಿಯಾಗಿದ್ದರೆ ಚೀಲ ಕೊಯ್ದು ತೆಗೆದು ಹೊಲಿಯಬಹುದು. ಆ ವಯಸ್ಸಿನ, ಆಗಲೇ ಬಡಕಲಾದ ಮರಿಯ ಮೇಲೆ ಅದನ್ನು ಮಾಡುವುದು ನನಗೆ ಸರಿಯೆನಿಸಲಿಲ್ಲ. ಅದು ಮರುದಿನ ಸತ್ತಿತು. ತೆರೆದಾಗ ಸಿಕ್ಕಿದ್ದು ಹುರಿಗೊಂಡು ಉಂಡೆಯಾದ ಗೋಣಿಯ ಎಳೆಗಳು. ನೆಲಕ್ಕೆ ಹಾಸಿದ್ದ ಗೋಣಿಯನ್ನು ಅಂದೇ ತೆಗೆಸಿದೆವು. ಹಳೆಯ ಗೋಣಿಯ ಅಂಚಿನ ಎಳೆ ಮರಿಗೆ ಹುಳುವಿನಂತೆ ಕಾಣುತ್ತದೆ, ಕುಕ್ಕಿ ಎಳೆದು ನುಂಗುತ್ತದೆ.

ಪರಿಣಾಮ

ಕಾವು ಸರಿಯಾದ ಎರಡನೆಯ ಬೆಳಿಗ್ಗೆಯಿಂದ ಮೂಲೆಯ ಸಾವುಗಳು ನಿಂತವು. ಹುಳಿ ಚೀಲದ ಮರಿಗಳಲ್ಲಿ ಮೂರು ಉಳಿಯಲಿಲ್ಲ, ಉಳಿದವು ನಿಧಾನವಾಗಿ ಚೇತರಿಸಿಕೊಂಡವು. ಹೆಬ್ಬಾಳದ ವರದಿಯಲ್ಲಿ ಸಾಲ್ಮೊನೆಲ್ಲಾ ಬೆಳೆದಿರಲಿಲ್ಲ. ಹದಿನಾಲ್ಕನೆಯ ದಿನಕ್ಕೆ ಹಾಕಬೇಕಿದ್ದ, ಗಂಬೋರೋ ಎಂಬ ಇನ್ನೊಂದು ರೋಗದ ಲಸಿಕೆಯನ್ನು, ಸೊರಗಿದ ಮರಿಗೆ ಲಸಿಕೆ ಹತ್ತುವುದಿಲ್ಲವಾದ್ದರಿಂದ, ಕೆಲವು ದಿನ ಮುಂದೂಡಿ ಹಾಕಲಾಯಿತು. ಎರಡನೆಯ ಲಸೋಟಾ 28ನೆಯ ದಿನಕ್ಕೇ ಆಯಿತು. ಅತ್ತೆಯವರು ಆ ದಿನ ತಾವೇ ಮರಿಗಳನ್ನು ಹಿಡಿದುಕೊಟ್ಟರು, ಆದರೆ ಮೊದಲ ಹನಿಯ ಬಗೆಗಿನ ಅವರ ಅಭಿಪ್ರಾಯ ಬದಲಾಗಿರಲಿಲ್ಲ.

ತಿಂಗಳು ತುಂಬುವಾಗ ಗುಂಪಿನಲ್ಲಿ ಎತ್ತರ-ತೂಕದ ಏರುಪೇರು ಎದ್ದು ಕಾಣುತ್ತಿತ್ತು. ಹಿಂದೆ ಬಿದ್ದವನ್ನು ದೊಡ್ಡವು ಕುಕ್ಕದಂತೆ ಬೇರೆ ಇಟ್ಟು ಸ್ಟಾರ್ಟರನ್ನೇ ಇನ್ನೂ ಕೆಲವು ವಾರ ಮುಂದುವರಿಸಲು ಹೇಳಿದೆ. ಅವುಗಳಲ್ಲಿ ಹೇಂಟೆಗಳು ಮೊಟ್ಟೆಗೆ ಬರುವುದು ತಡವಾಗಬಹುದೆಂದು ತಿಳಿಸಿ, ಸಂಘದ ಕಂತಿನ ದಿನ ಹತ್ತಿರವಿದ್ದುದರಿಂದ ತೂಕ ಬಂದ ಹುಂಜಗಳನ್ನು ಮೊದಲು ಮಾರುವುದೆಂದು ಮನೆಯವರೊಂದಿಗೆ ಮಾತಾಯಿತು.